‘ರೆಸ್ಕ್ಯೂಡ್’ ಎಂದರೆ ರಕ್ಷಿಸಿದವನೋ, ಪಾರಾದವನೋ, ಬಿಡಿಸಿಕೊಂಡದ್ದೋ?

ಕೋಲಾರದಲ್ಲಿರುವ ನಮ್ಮ ಪತ್ರಿಕೆಯ ಡೆಸ್ಕಿಗೆ ಸಂಜೆಯ ಹೊತ್ತು ಬರುವ ಇಂಗ್ಲಿಷ್ ಪ್ರೆಸ್‌ನೋಟುಗಳಲ್ಲಿ ‘ರೆಸ್ಕ್ಯೂಡ್’ ಎಂಬ ವಿಶೇಷಣ ವಾರಕ್ಕೆ ಎರಡು ಮೂರು ಸಲವಾದರೂ ಕಾಣಿಸಿಕೊಳ್ಳುತ್ತದೆ. ಪಾಳುಬಾವಿಗೆ ಬಿದ್ದ ಹಸು, ಇಟ್ಟಿಗೆ ಗೂಡಿನಲ್ಲಿ ದುಡಿಯುತ್ತಿದ್ದ ಮಕ್ಕಳು, ಬೆಟ್ಟದ ಸಂದಿಯಲ್ಲಿ ಸಿಲುಕಿದ ಪ್ರವಾಸಿ, ಅಡುಗೆಮನೆಯ ಮೂಲೆಯಲ್ಲಿ ಸುತ್ತಿಕೊಂಡಿದ್ದ ನಾಗರಹಾವು, ಇವೆಲ್ಲಕ್ಕೂ ಅಲ್ಲಿ ಅದೊಂದೇ ಪದ. ಕನ್ನಡಕ್ಕೆ ತರುವವರು ‘ರಕ್ಷಿಸಿದ’ ಎಂದೋ ‘ರಕ್ಷಿಸಲ್ಪಟ್ಟ’ ಎಂದೋ ಬರೆದು ಮುಂದಿನ ಸಾಲಿಗೆ ಹೋಗುತ್ತಾರೆ. ನಾನೂ ಹಲವು ವರ್ಷ ಹಾಗೆಯೇ ಹೋದವನು. ಈಗ ಡೆಸ್ಕಿಗೆ ಹೊಸದಾಗಿ ಸೇರುವವರು ಇದೇ ಪದದ ಮುಂದೆ ತಡವರಿಸುವುದನ್ನು ಕಂಡು, ಯಾವ ಸಂದರ್ಭಕ್ಕೆ ಯಾವ ಕನ್ನಡ ಒಪ್ಪುತ್ತದೆ ಎಂಬುದನ್ನು ಒಂದು ಕಡೆ ಬರೆದಿಡುತ್ತಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಇಂಗ್ಲಿಷಿನ ಈ ಪದ ‘ಯಾವುದರಿಂದ’ ಎಂಬುದನ್ನು ಹೇಳದೆಯೂ ನಿಲ್ಲಬಲ್ಲದು, ಆದರೆ ಅದು ಗೊತ್ತಾಗದ ಹೊರತು ಕನ್ನಡದಲ್ಲಿ ಸರಿಯಾದ ಪದವನ್ನು ಆರಿಸಲು ಬರುವುದಿಲ್ಲ.

ಮೊದಲು ಇಂಗ್ಲಿಷ್ ಪದವನ್ನೇ ನೋಡೋಣ. ‘ರೆಸ್ಕ್ಯೂ’ ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದದ್ದು. ಅದರ ಬೇರು ಲ್ಯಾಟಿನ್ನಿನ ‘ಎಕ್ಸ್‌ಕುಟೆರೆ’, ಅಂದರೆ ಕೊಡವಿ ಹಾಕು, ಒದರಿ ಬಿಡಿಸು. ಏನೋ ಒಂದು ಬಿಗಿಯಾಗಿ ಹಿಡಿದಿದೆ, ಆ ಹಿಡಿತದಿಂದ ಒಬ್ಬರು ಕಿತ್ತು ತಂದಿದ್ದಾರೆ ಎಂಬ ಚಿತ್ರ ಪದದ ಒಳಗೇ ಇದೆ. ಹೀಗಾಗಿ ‘ರೆಸ್ಕ್ಯೂಡ್’ ಎನ್ನಬೇಕಾದರೆ ಅಪಾಯ ಆಗಲೇ ಎದುರಾಗಿರಬೇಕು, ಬೇರೆಯವರ ಕೈ ಅದರಲ್ಲಿ ಇರಬೇಕು, ಕೆಲಸ ಮುಗಿದಿರಬೇಕು. ಲಸಿಕೆ ಹಾಕಿಸಿಕೊಂಡ ಮಗು ರೋಗದಿಂದ ‘ರೆಸ್ಕ್ಯೂಡ್’ ಅಲ್ಲ. ತಾನಾಗಿ ಈಜಿ ದಡ ಸೇರಿದವನೂ ಅಲ್ಲ. ಅವನು ಬದುಕುಳಿದವನು, ಇಂಗ್ಲಿಷಿನಲ್ಲಿ ‘ಸರ್ವೈವರ್’.

ಈ ಕಾರಣಕ್ಕೆ ‘ಸಂರಕ್ಷಿತ’ ಎಂಬ ಪದವನ್ನು ಇಲ್ಲಿ ಪೂರ್ತಿಯಾಗಿ ಕೈಬಿಡಬೇಕು. ಕೋಲಾರಮ್ಮನ ಗುಡಿಯೂ ಸೋಮೇಶ್ವರ ದೇವಾಲಯವೂ ಸಂರಕ್ಷಿತ ಸ್ಮಾರಕಗಳು. ಅವುಗಳಿಗೆ ಕೇಡು ತಟ್ಟದ ಹಾಗೆ ಕಾನೂನಿನ ಬೇಲಿ ಇದೆ ಎಂದು ಅದರ ಅರ್ಥವೇ ಹೊರತು, ಯಾರೋ ಅವನ್ನು ಬೆಂಕಿಯಿಂದ ಹೊತ್ತು ತಂದರು ಎಂದಲ್ಲ. ‘ರಕ್ಷಿತ’ ಎಂಬುದು ವ್ಯಾಕರಣದ ಪ್ರಕಾರ ಸರಿಯಾದ ಪದ, ಏಕೆಂದರೆ ಸಂಸ್ಕೃತದ ಆ ರೂಪ ಕರ್ಮವನ್ನೇ ಹೇಳುತ್ತದೆ, ಗೊಂದಲವಿಲ್ಲ. ಆದರೆ ಬಳಕೆಯಲ್ಲಿ ಅದೂ ‘ರಕ್ಷಿತಾರಣ್ಯ’ದ ಕಡೆಗೆ ವಾಲಿದೆ. ಜೊತೆಗೆ ನಮ್ಮ ಜಿಲ್ಲೆಯ ಯಾವ ಶಾಲೆಯ ಹಾಜರಿ ಪುಸ್ತಕ ತೆರೆದರೂ ಒಬ್ಬ ರಕ್ಷಿತ್, ಇಬ್ಬರು ರಕ್ಷಿತಾ ಇರುತ್ತಾರೆ. ‘ರಕ್ಷಿತ ಬಾಲಕಿ’ ಎಂಬ ಶೀರ್ಷಿಕೆಯನ್ನು ಆಕೆಯ ಹೆಸರೆಂದು ಓದಿದವರನ್ನು ನಾನು ಕಂಡಿದ್ದೇನೆ.

ಇನ್ನು ‘ರಕ್ಷಿಸಿದ’. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ತಪ್ಪುಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಯೇ. ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯಲ್ಲಿ ಕೃಷಿಹೊಂಡಕ್ಕೆ ಜಾರಿದ್ದ ಪುಟ್ಟ ಹುಡುಗನನ್ನು ಹೈಸ್ಕೂಲಿನ ಹುಡುಗನೊಬ್ಬ ಮೇಲೆಳೆದಿದ್ದ. ಕೃಷಿಹೊಂಡವನ್ನು ಕಂಡವರಿಗೆ ಗೊತ್ತು, ಅದರ ಒಳಮೈಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿಗಟ್ಟಿ ಸೋಪಿನ ಹಾಗೆ ಜಾರುತ್ತದೆ, ಒಳಗೆ ಬಿದ್ದವರಿಗೆ ಕಾಲೂರಲು ಜಾಗವೇ ಸಿಗದು. ಆ ಹುಡುಗ ಹನಿ ನೀರಾವರಿಯ ಪೈಪನ್ನು ಇಳಿಬಿಟ್ಟು, ತಾನು ದಂಡೆಯ ಮೇಲೆ ಬೋರಲು ಮಲಗಿ ಎಳೆದಿದ್ದ. ಶಾಲೆಯಲ್ಲಿ ಅವನಿಗೆ ಹಾರ ಹಾಕಿದರು. ಮರುದಿನ ನಾನು ಕೊಟ್ಟ ಶೀರ್ಷಿಕೆ: ‘ಕೃಷಿಹೊಂಡದಿಂದ ರಕ್ಷಿಸಿದ ಬಾಲಕನಿಗೆ ಸನ್ಮಾನ’. ಬೆಳಿಗ್ಗೆ ಹತ್ತಕ್ಕೆ ಅವನ ತಾಯಿಯ ಫೋನು ಬಂತು. “ಏನ್ ಸಾರ್, ನಮ್ ಹುಡುಗ ಮುಳುಗಿದೋನು ಅಂತ ಊರೆಲ್ಲ ಓದ್ತಾ ಇದಾರೆ. ಎತ್ತಿದೋನು ಅವ್ನು.” ಆಕೆ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ನಾನು ಬರೆದದ್ದರಲ್ಲೂ ವ್ಯಾಕರಣದ ತಪ್ಪಿರಲಿಲ್ಲ; ತೊಂದರೆ ಇದ್ದದ್ದು ಅಲ್ಲಿಯೇ.

ಕನ್ನಡದ ಇಂಥ ಕೃದಂತಗಳು ಮಾಡಿದವರಿಗೂ ಮಾಡಿಸಿಕೊಂಡವರಿಗೂ ಒಂದೇ ರೂಪದಲ್ಲಿ ಅಂಟಿಕೊಳ್ಳುತ್ತವೆ. ‘ಹೊಡೆದ ಹುಡುಗ’ ಎಂದರೆ ಹೊಡೆತ ಕೊಟ್ಟವನೂ ಆದಾನು, ಬೇರೆಯವರಿಂದ ತಿಂದವನೂ ಆದಾನು. ‘ಓದಿದ ಪುಸ್ತಕ’ ಎಂದಾಗ ಗೊಂದಲವಾಗದಿರುವುದು ಪುಸ್ತಕಕ್ಕೆ ಓದಲು ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ. ಇಂಗ್ಲಿಷಿನ ‘ರೆಸ್ಕ್ಯೂಡ್’ ಈ ವಿಷಯದಲ್ಲಿ ನೇರ. ಅದು ಪಾರಾದವರನ್ನು ಬಿಟ್ಟು ಬೇರೆಯವರಿಗೆ ಹೊಂದುವುದೇ ಇಲ್ಲ. ಇಂಗ್ಲಿಷಿನವರು ಎಡವುವುದು ಬೇರೆ ಕಡೆ: ‘ರೆಸ್ಕ್ಯೂ ಡಾಗ್’ ಎಂದರೆ ಕುಸಿದ ಕಟ್ಟಡದಲ್ಲಿ ಮೂಸಿ ಮೂಸಿ ಜನರನ್ನು ಹುಡುಕುವ ನಾಯಿಯೂ ಹೌದು, ಬೀದಿಯಿಂದ ತಂದು ಸಾಕಿಕೊಂಡ ನಾಯಿಯೂ ಹೌದು.

ಇದಕ್ಕೆ ಪರಿಹಾರವೆಂದು ನಮಗೆ ಶಾಲೆಯಲ್ಲಿ ಕಲಿಸಿದ್ದು ‘ರಕ್ಷಿಸಲ್ಪಟ್ಟ’ ಎಂಬ ಕರ್ಮಣಿ ರೂಪ. ಅದು ಅರ್ಥವನ್ನು ಸ್ಪಷ್ಟಗೊಳಿಸುತ್ತದೆ, ನಿಜ, ಆದರೆ ಬಾಯಲ್ಲಿ ಯಾರೂ ಆಡದ ಮಾತು. ಕಾನೂನು ಪತ್ರಗಳಿಗೂ ಅಫಿಡವಿಟ್ಟಿಗೂ ಇರಲಿ ಎಂದು ನಾನು ಬಿಟ್ಟಿದ್ದೇನೆ. ‘ರಕ್ಷಿಸಲಾದ’ ಎಂಬುದು ಅದಕ್ಕಿಂತ ಒಂದಿಷ್ಟು ಹಗುರ, ಸರ್ಕಾರಿ ವರದಿಯಲ್ಲಿ ನಡೆಯುತ್ತದೆ. ಆದರೆ ಸಹಜವಾದ ದಾರಿ ವಿಭಕ್ತಿಯದು. 2022ರ ಫೆಬ್ರುವರಿಯಲ್ಲಿ ನಂದಿಬೆಟ್ಟದ ಪಕ್ಕದ ಬ್ರಹ್ಮಗಿರಿಯಲ್ಲಿ ಜಾರಿ, ಬಂಡೆಯ ನಡುವೆ ಸಿಲುಕಿದ್ದ ವಿದ್ಯಾರ್ಥಿಯೊಬ್ಬನನ್ನು ವಾಯುಪಡೆಯ ಹೆಲಿಕಾಪ್ಟರ್ ಬಂದು ಎತ್ತಿದ್ದು ಹಲವರಿಗೆ ನೆನಪಿರಬಹುದು. ‘ರಕ್ಷಿಸಿದ ವಿದ್ಯಾರ್ಥಿ’ ಎಂದರೆ ಗೊಂದಲ. ‘ವಾಯುಪಡೆ ರಕ್ಷಿಸಿದ ವಿದ್ಯಾರ್ಥಿ’ ಎಂದರೆ ಗೊಂದಲ ಮುಗಿಯಿತು. ತಿರುಗಿಸಿ ‘ವಿದ್ಯಾರ್ಥಿಯನ್ನು ರಕ್ಷಿಸಿದ ಸಿಬ್ಬಂದಿ’ ಎಂದರೂ ಮುಗಿಯಿತು. ನನ್ನ ಶೀರ್ಷಿಕೆಯಲ್ಲೂ ‘ಮಗುವನ್ನು’ ಎಂಬ ಒಂದೇ ಒಂದು ಪದ ಸೇರಿದ್ದರೆ ಆ ತಾಯಿಗೆ ಫೋನು ಮಾಡುವ ಕೆಲಸ ಇರುತ್ತಿರಲಿಲ್ಲ.

ಇನ್ನೊಂದು ದಾರಿ ‘ಪಾರಾದ’. ಪಾರ ಎಂದರೆ ಆಚೆಯ ದಡ. ಆಚೆ ದಡ ಮುಟ್ಟಿದವನು ಪಾರಾದವನು. ಇದು ಚಿಕ್ಕದು, ಓದುಗರಿಗೆ ಹತ್ತಿರದ್ದು, ಮಾಡಿದವರು ಯಾರು ಮಾಡಿಸಿಕೊಂಡವರು ಯಾರು ಎಂಬ ಪ್ರಶ್ನೆಯೇ ಇದರಲ್ಲಿ ಏಳುವುದಿಲ್ಲ. ಆದರೆ ಎರಡು ಎಚ್ಚರಗಳಿವೆ. ಪಾರುಮಾಡಿದವರ ಶ್ರಮವನ್ನು ಈ ಪದ ಅಳಿಸಿಬಿಡುತ್ತದೆ. ‘ಬೆಂಕಿಯಿಂದ ಪಾರಾದ ಕುಟುಂಬ’ ಎಂದರೆ ಆ ಕುಟುಂಬದವರು ತಾವೇ ಓಡಿ ಬಂದರೆಂದೂ ಆಗುತ್ತದೆ. ಎರಡನೆಯದು ‘ಇಂದ’ ಎಂಬ ಪ್ರತ್ಯಯದ ಆಟ. ‘ಅಗ್ನಿಶಾಮಕ ಸಿಬ್ಬಂದಿಯಿಂದ ಪಾರಾದ ಯುವಕ’ ಎಂದು ಬರೆದರೆ, ಆ ಯುವಕ ಸಿಬ್ಬಂದಿಯ ಕೈಗೆ ಸಿಗದೆ ತಪ್ಪಿಸಿಕೊಂಡ ಎಂದೇ ಓದಬೇಕಾಗುತ್ತದೆ. ‘ಪೊಲೀಸರಿಂದ ರಕ್ಷಿಸಲ್ಪಟ್ಟ ಮಹಿಳೆ’ಯೂ ಹಾಗೆಯೇ: ರಕ್ಷಿಸಿದವರು ಪೊಲೀಸರೋ, ಆಕೆಗೆ ರಕ್ಷಣೆ ಬೇಕಾಗಿದ್ದದ್ದೇ ಪೊಲೀಸರ ದೆಸೆಯಿಂದಲೋ? ಅಪಾಯಕ್ಕೆ ‘ಇಂದ’ ಕೊಡಿ, ಮನುಷ್ಯರಿಗೆ ಪ್ರಥಮಾ ವಿಭಕ್ತಿ ಕೊಡಿ ಎಂಬುದು ನಮ್ಮ ಡೆಸ್ಕಿನ ನಿಯಮವಾಗಿದೆ. ‘ಬಚಾವಾದ’ ಎಂಬುದು ಮಾತಿನ ಪದ. ಅದರಲ್ಲಿ ‘ಸದ್ಯ, ಸ್ವಲ್ಪದರಲ್ಲಿ ತಪ್ಪಿತು’ ಎಂಬ ನಿಟ್ಟುಸಿರಿರುವುದರಿಂದ, ಬಸ್ಸು ಹಳ್ಳಕ್ಕೆ ಇಳಿದರೂ ಯಾರಿಗೂ ಏನೂ ಆಗದಿದ್ದಾಗ ಸರಿ, ಇಟ್ಟಿಗೆ ಗೂಡಿನ ಮಕ್ಕಳಿಗೆ ಸರಿಯಲ್ಲ.

‘ಸೇವ್ಡ್’ ಎಂಬುದನ್ನು ಬೇಗ ಮುಗಿಸಬಹುದು. ಇಂಗ್ಲಿಷಿನಲ್ಲಿ ಅದನ್ನು ನಾಮಪದದ ಹಿಂದೆ ವಿಶೇಷಣವಾಗಿ ಅಷ್ಟಾಗಿ ಬಳಸುವುದಿಲ್ಲ. ‘ಸೇವ್ಡ್ ಚೈಲ್ಡ್’ ಎಂದರೆ ಕಿವಿಗೆ ಒರಟು, ‘ಸೇವ್ಡ್ ಫೈಲ್’ ಎಂದರೆ ಸಲೀಸು. ಕನ್ನಡದ ‘ಉಳಿಸು’ ಇದರ ತದ್ರೂಪಿ: ಜೀವವನ್ನೂ ಉಳಿಸುತ್ತೇವೆ, ಹಣವನ್ನೂ ಉಳಿಸುತ್ತೇವೆ, ಕಂಪ್ಯೂಟರಿನ ಕಡತವನ್ನೂ ಉಳಿಸುತ್ತೇವೆ. ಆಸ್ಪತ್ರೆಯ ಸುದ್ದಿಯಲ್ಲಿ ‘ಉಳಿಸಿದ’ ಎಂಬುದು ‘ರಕ್ಷಿಸಿದ’ ಎಂಬುದಕ್ಕಿಂತ ಎಷ್ಟೋ ಸಹಜ, ಏಕೆಂದರೆ ಅಲ್ಲಿ ಪ್ರಶ್ನೆ ಜೀವ ಉಳಿಯಿತೋ ಇಲ್ಲವೋ ಎಂಬುದೇ. ಚರ್ಚಿನಲ್ಲಿ ‘ಸೇವ್ಡ್’ ಎಂದರೆ ರಕ್ಷಣೆ ಹೊಂದಿದವರು. ಅಲ್ಲಿ ‘ರಕ್ಷಣೆ’ ಎಂಬ ಪದ ನೆಲೆಯೂರಿಬಿಟ್ಟಿದೆ, ಅದನ್ನು ಬದಲಿಸಲು ಹೋಗಬಾರದು.

ನನಗೆ ಹೆಚ್ಚು ಇಷ್ಟವಾದ ಜೋಡಿ ‘ರಿಡೀಮ್ಡ್’ ಮತ್ತು ‘ಬಿಡಿಸಿದ’. ‘ರಿಡೀಮ್’ ಎಂಬುದರ ಲ್ಯಾಟಿನ್ ಮೂಲದ ಅರ್ಥ ಮರಳಿ ಕೊಳ್ಳುವುದು. ನಮ್ಮಲ್ಲಿ ಗಿರವಿ ಅಂಗಡಿಯ ಮೆಟ್ಟಿಲು ಹತ್ತಿದವರಿಗೆಲ್ಲ ಈ ಕ್ರಿಯೆಯ ಕನ್ನಡ ಗೊತ್ತು. ನನ್ನ ತಾಯಿ ಪ್ರತಿ ವರ್ಷ ಬಿತ್ತನೆಗೆ ಮೊದಲು ಕಾಸಿನ ಸರವನ್ನು ಅಡವಿಡುತ್ತಿದ್ದರು, ರಾಗಿ ಕಣದಿಂದ ಮನೆಗೆ ಬಂದ ಮೇಲೆ ಬಿಡಿಸಿಕೊಂಡು ಬರುತ್ತಿದ್ದರು. ಸೆರಗಿನ ತುದಿಯ ಗಂಟಿನಲ್ಲಿ ನಾಲ್ಕಾಗಿ ಮಡಿಸಿದ ರಸೀದಿ, ಬಡ್ಡಿಯ ಲೆಕ್ಕವನ್ನು ದಾರಿಯುದ್ದಕ್ಕೂ ಬೆರಳಿನ ಗೆಣ್ಣುಗಳ ಮೇಲೆ ಎಣಿಸುವುದು, ಸರ ಕೈಗೆ ಬಂದೊಡನೆ ಕಾಸುಗಳನ್ನು ಒಂದೊಂದಾಗಿ ಮುಟ್ಟಿ ನೋಡುವುದು, ಇವೆಲ್ಲ ಆ ಪದದ ಒಳಗಿವೆ. ‘ಸರವನ್ನು ರಕ್ಷಿಸಿದೆ’ ಎಂದು ಅವರು ಎಂದೂ ಹೇಳಿದವರಲ್ಲ. ಬೆಲೆ ತೆತ್ತು ಮರಳಿ ಪಡೆದದ್ದು ಯಾವುದೇ ಇರಲಿ, ಅದು ಬಿಡಿಸಿದ್ದು; ಅವಧಿ ಮೀರಿದರೆ ಹರಾಜು. ಒತ್ತೆ ಹಣ ಕೊಟ್ಟು ಕರೆತಂದ ಮನುಷ್ಯನಿಗೂ ‘ಬಿಡಿಸಿಕೊಂಡು ಬಂದ’ ಎಂಬುದೇ ಸರಿ, ಏಕೆಂದರೆ ಅಲ್ಲಿ ನಡೆದದ್ದು ಕೊಡುಕೊಳ್ಳುವ ವ್ಯವಹಾರ. ‘ರಕ್ಷಿಸಿದ’ ಎಂದರೆ ಹಣ ಕೈಬದಲಾದ ಸಂಗತಿ ಮುಚ್ಚಿಹೋಗುತ್ತದೆ.

ಬೆಲೆ ತೆರದೆ ಬಿಡುಗಡೆಯಾದವರ ವಿಷಯ ಬೇರೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಜೀತದಾಳುಗಳನ್ನು ಯಾರೋ ರಕ್ಷಿಸಬೇಕಾದವರು ಎಂದು ನೋಡುವುದಿಲ್ಲ. ಕಾಯ್ದೆ ಜಾರಿಯಾದೊಡನೆ ಅವರು ದುಡಿಮೆಯ ಹೊಣೆಯಿಂದ ಬಿಡುಗಡೆ ಹೊಂದಿದ್ದಾರೆ ಎಂದೇ ಸಾರುತ್ತದೆ. ಸಾಲವೂ ಅಲ್ಲಿಗೆ ತೀರಿದ ಹಾಗೆ. ಹೀಗಾಗಿ ಪ್ರೆಸ್‌ನೋಟಿನಲ್ಲಿ ‘ರೆಸ್ಕ್ಯೂಡ್ ಬಾಂಡೆಡ್ ಲೇಬರರ್ಸ್’ ಎಂದಿದ್ದರೂ ಕನ್ನಡದಲ್ಲಿ ‘ಜೀತವಿಮುಕ್ತರು’ ಎಂದು ಬರೆಯುವುದೇ ಸರಿ. ರಕ್ಷಣೆ ಯಾರೋ ತೋರಿದ ದಯೆಯಂತೆ ಕೇಳಿಸುತ್ತದೆ. ಬಿಡುಗಡೆ ಅವರಿಗೆ ಸಲ್ಲಬೇಕಾದ ಹಕ್ಕು. ಮೊಸಳೆಯ ಬಾಯಿಂದ ಆನೆ ಪಾರಾದ ಕಥೆಯನ್ನು ನಮ್ಮ ಹಿರಿಯರು ಗಜೇಂದ್ರ ಮೋಕ್ಷ ಎಂದು ಕರೆದರೇ ಹೊರತು ಗಜೇಂದ್ರ ರಕ್ಷಣೆ ಎನ್ನಲಿಲ್ಲ. ಮೋಕ್ಷ, ಮುಕ್ತ, ವಿಮೋಚನೆ ಮೂರೂ ಒಂದೇ ಧಾತುವಿನ ಮಕ್ಕಳು, ಮೂರರಲ್ಲೂ ಕಟ್ಟು ಬಿಚ್ಚುವ ಅರ್ಥವಿದೆ. ‘ಉದ್ಧಾರ’ವೂ ಒಂದು ಕಾಲಕ್ಕೆ ಮೇಲೆತ್ತುವ ಒಳ್ಳೆಯ ಪದವೇ ಆಗಿತ್ತು, ಈಗ ‘ಉದ್ಧಾರ ಆದ ಹಾಗೇ’ ಎಂಬ ಬೈಗುಳದಲ್ಲಿ ಸಿಕ್ಕಿಕೊಂಡು, ಅದನ್ನು ಪಾರುಮಾಡುವವರೇ ಇಲ್ಲವಾಗಿದೆ.

ಬಾಲ್ಯವಿವಾಹದ ಸುದ್ದಿಯಲ್ಲೂ ಇದೇ ಬಗೆಯ ಎಚ್ಚರ ಬೇಕು. ಮದುವೆ ನಡೆಯುವ ಮೊದಲೇ ಅಧಿಕಾರಿಗಳು ಬಂದಿದ್ದರೆ ಅದು ‘ತಡೆದ ಮದುವೆ’. ‘ಬಾಲಕಿಯ ರಕ್ಷಣೆ’ ಎಂದು ಬರೆದರೆ ಮದುವೆ ಆಗಿಹೋಗಿತ್ತೇನೋ ಎಂಬ ಅನುಮಾನ ಉಳಿಯುತ್ತದೆ.

‘ರಿಕವರ್ಡ್’ ಎಂಬುದನ್ನು ‘ರೆಸ್ಕ್ಯೂಡ್’ ಜೊತೆ ಬೆರೆಸುವುದು ಮಾತ್ರ ಕ್ಷಮಿಸಲಾಗದ ತಪ್ಪು. ದುರಂತದ ವರದಿಗಳಲ್ಲಿ ಇಂಗ್ಲಿಷ್ ಬಲ್ಲವರು ಜೀವಂತ ಹೊರಬಂದವರಿಗೆ ಮೊದಲನೆಯದನ್ನು ಬಳಸುವುದಿಲ್ಲ. ಅದು ಶವಗಳಿಗೆ ಮೀಸಲು. 2001ರ ಫೆಬ್ರುವರಿ 28ರಂದು ಮುಚ್ಚಿದ ಕೆಜಿಎಫ್‌ನ ಗಣಿಗಳು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದವು. ಅಷ್ಟು ಆಳದಲ್ಲಿ ಒತ್ತಡ ತಾಳಲಾರದೆ ಬಂಡೆ ಸಿಡಿಯುವುದು ಅಲ್ಲಿಯ ಕಾರ್ಮಿಕರಿಗೆ ಗೊತ್ತಿದ್ದ ಭಯ. ಅಂಥ ಅಪಘಾತದ ವರದಿಯಲ್ಲಿ ಆ ಎರಡು ಪದಗಳ ನಡುವಿನ ಅಂತರವೆಂದರೆ ಬಾಗಿಲಲ್ಲಿ ಕಾದು ನಿಂತ ಒಂದು ಮನೆಯವರಿಗೂ ಇನ್ನೊಂದು ಮನೆಯವರಿಗೂ ಇರುವ ಅಂತರ. ಕನ್ನಡದಲ್ಲಿ ‘ಹೊರತೆಗೆದ’ ಎಂಬುದನ್ನು ಶವಕ್ಕೂ, ‘ಹೊರಬಂದ’ ಅಥವಾ ‘ಜೀವಂತ ಹೊರತಂದ’ ಎಂಬುದನ್ನು ಬದುಕಿದವರಿಗೂ ಕಟ್ಟುನಿಟ್ಟಾಗಿ ಇಟ್ಟುಕೊಂಡರೆ ಸಾಕು. 2023ರ ನವೆಂಬರಿನಲ್ಲಿ ಉತ್ತರಾಖಂಡದ ಸಿಲ್ಕ್ಯಾರಾ ಸುರಂಗದಲ್ಲಿ 17 ದಿನ ಸಿಲುಕಿದ್ದ 41 ಕಾರ್ಮಿಕರಿಗೂ, 2024ರ ಏಪ್ರಿಲಿನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದು ಸುಮಾರು 20 ಗಂಟೆಗಳ ನಂತರ ಮೇಲೆ ಬಂದ ಮಗುವಿಗೂ ‘ಜೀವಂತ’ ಎಂಬ ಪದ ಎಷ್ಟು ದೊಡ್ಡದಾಗಿತ್ತು ಎಂಬುದನ್ನು, ಸಾವಿರ ಅಡಿ ದಾಟಿದ ಕೊಳವೆಬಾವಿಗಳ ನಡುವೆ ಬದುಕುವ ನಮ್ಮ ಜಿಲ್ಲೆಯವರಿಗೆ ವಿವರಿಸಬೇಕಿಲ್ಲ. ಪೊಲೀಸ್ ಇಂಗ್ಲಿಷಿನಲ್ಲಿ ‘ರಿಕವರ್ಡ್’ ಎಂದರೆ ಕದ್ದ ಮಾಲಿನ ಮಟ್ಟಿಗೆ ‘ವಶಪಡಿಸಿಕೊಂಡ’, ಕಾಣೆಯಾದವರ ಮಟ್ಟಿಗೆ ‘ಪತ್ತೆಯಾದ’, ಆಸ್ಪತ್ರೆಯಲ್ಲಿ ‘ಗುಣಮುಖ’. ಮೂರರಲ್ಲಿ ಯಾವುದೂ ರಕ್ಷಣೆಯಲ್ಲ.

ವಸ್ತುಗಳಿಗೆ ‘ಸಾಲ್ವೇಜ್ಡ್’ ಇದೆ. ಮುಳುಗುವ ಹಡಗಿನಿಂದ ಸರಕು ಎತ್ತುವವರ ಮಾತದು, ಈಗ ವಿಮೆಯವರ ಮಾತು. ಪೂರ್ತಿ ಹಾಳಾಗಬೇಕಿದ್ದದ್ದರಲ್ಲಿ ಕೈಗೆ ಸಿಕ್ಕಿದಷ್ಟು ಎಂಬುದು ಅದರ ತಿರುಳು, ಆದ್ದರಿಂದ ಮನುಷ್ಯರಿಗೆ ಅದನ್ನು ಹಚ್ಚಬಾರದು. ಫಿಲಿಪೈನ್ಸಿನ ಇಂಗ್ಲಿಷಿನಲ್ಲಂತೂ ಅದಕ್ಕೆ ವಿಚಾರಣೆಯಿಲ್ಲದೆ ಕೊಂದುಹಾಕುವುದು ಎಂಬ ಘೋರ ಅರ್ಥ ಬಂದುಬಿಟ್ಟಿದೆ. ಚಿಕ್ಕಬಳ್ಳಾಪುರದ ಕಡೆ ಆಲಿಕಲ್ಲು ಮಳೆ ಬಿದ್ದ ಮರುದಿನ ದ್ರಾಕ್ಷಿ ತೋಟದಲ್ಲಿ ಕುಯ್ಯುವುದು ‘ಅಳಿದುಳಿದ’ ಗೊಂಚಲುಗಳನ್ನು. ಬೆಲೆ ಬಿದ್ದಾಗ ಕೋಲಾರದ ಟೊಮೆಟೊ ಮಂಡಿಯಲ್ಲಿ ಆರಿಸಿ ಆರಿಸಿ ಬಾಕ್ಸಿಗೆ ತುಂಬುವುದೂ ಅದನ್ನೇ. ‘ಅಳಿದುಳಿದ’ ಎಂಬ ಪದದಲ್ಲಿ ಹೋದದ್ದೂ ಇದ್ದದ್ದೂ ಒಟ್ಟಿಗೆ ಕೂತಿವೆ. ಇದಕ್ಕೆ ಸಮನಾದ ಪದ ಇಂಗ್ಲಿಷಿನಲ್ಲಿದ್ದರೆ ನನಗಿನ್ನೂ ಸಿಕ್ಕಿಲ್ಲ.

ಕೆರೆಯ ವಿಷಯದಲ್ಲಿ ‘ರಿಕ್ಲೇಮ್ಡ್’ ಎಂಬ ಪದ ಬಂದರೆ ಎರಡು ಸಲ ಓದಿ. ನೀರಿದ್ದ ಜಾಗವನ್ನು ಮಣ್ಣು ತುಂಬಿ ನೆಲ ಮಾಡಿದರೂ ಇಂಗ್ಲಿಷಿನಲ್ಲಿ ಅದು ‘ರಿಕ್ಲೇಮ್ಡ್ ಲ್ಯಾಂಡ್’. ಒತ್ತುವರಿದಾರರಿಂದ ಕೆರೆಯಂಗಳವನ್ನು ಮರಳಿ ಪಡೆದರೂ ವರದಿಗಾರರು ಅದೇ ಪದ ಬಳಸುತ್ತಾರೆ. ಒಂದು ಕೆರೆಯನ್ನು ಕೊಂದದ್ದು, ಇನ್ನೊಂದು ಬದುಕಿಸಿದ್ದು. ಸಾಲದ್ದಕ್ಕೆ ಶುದ್ಧೀಕರಿಸಿದ ಕೊಳಚೆ ನೀರಿಗೂ ಅದೇ ವಿಶೇಷಣ, 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನಿಂದ ನಮ್ಮ ಕೆರೆಗಳಿಗೆ ಬರುತ್ತಿರುವುದು ಆ ಲೆಕ್ಕದಲ್ಲಿ ‘ರಿಕ್ಲೇಮ್ಡ್ ವಾಟರ್’. ಹೀಗಿರುವಾಗ ‘ಒತ್ತುವರಿ ತೆರವಾದ ಕೆರೆ’, ‘ಹೂಳೆತ್ತಿದ ಕೆರೆ’, ‘ಸಂಸ್ಕರಿಸಿದ ನೀರು’ ಎಂದು ಆದದ್ದನ್ನೇ ನೇರವಾಗಿ ಹೇಳಬೇಕು. ‘ರಕ್ಷಿಸಿದ ಕೆರೆ’ ಎಂಬುದು ಉದ್ಘಾಟನೆಯ ಭಾಷಣಕ್ಕೆ ಆದೀತು. ಓದುಗನಿಗೆ ಅದರಿಂದ ಹೂಳು ಹೋಯಿತೋ ಬೇಲಿ ಹೋಯಿತೋ ತಿಳಿಯುವುದಿಲ್ಲ.

ಪದ ಎಷ್ಟು ಕಾಲ ಅಂಟಿಕೊಂಡಿರಬೇಕು ಎಂಬ ಪ್ರಶ್ನೆಯೂ ಇದೆ. ಇಂಗ್ಲಿಷಿನಲ್ಲಿ ಬೀದಿಯಿಂದ ತಂದ ನಾಯಿ ಸಾಯುವ ತನಕ ‘ರೆಸ್ಕ್ಯೂಡ್’ ಆಗಿಯೇ ಇರುತ್ತದೆ; ಸಾಕಿದವರಿಗೆ ಅದರಲ್ಲಿ ಒಂದು ಹೆಮ್ಮೆಯೂ ಇರುವಂತಿದೆ. ನಮ್ಮಲ್ಲಿ ಅದು ತಂದ ದಿನ ‘ಬೀದಿಯಿಂದ ತಂದ ಮರಿ’, ತಿಂಗಳು ಕಳೆದರೆ ‘ನಮ್ಮನೆ ನಾಯಿ’. ಮಕ್ಕಳ ವಿಷಯದಲ್ಲಿ ಈ ಎರಡನೆಯ ಪದ್ಧತಿಯೇ ಮೇಲು ಎಂದು ನನ್ನ ಅಭಿಪ್ರಾಯ. ದುಡಿಮೆಯಿಂದ ಬಿಡಿಸಿ ಶಾಲೆಗೆ ಸೇರಿಸಿದ ಮಗುವನ್ನು ಐದು ವರ್ಷದ ನಂತರದ ಕ್ರೀಡಾಕೂಟದ ವರದಿಯಲ್ಲೂ ‘ರಕ್ಷಿಸಲಾದ ವಿದ್ಯಾರ್ಥಿ’ ಎಂದು ಗುರುತಿಸುವುದು ಆ ಮಗುವಿಗೆ ಮಾಡುವ ಅನ್ಯಾಯ.

ಪ್ರಾಣಿಗಳ ಸುದ್ದಿಯಲ್ಲಿ ಉಳಿದಿರುವ ತೊಡಕು ಒಂದೇ. ಬಾವಿಯಿಂದ ಮೇಲೆತ್ತಿದ ಹಸುವಿಗೆ ‘ಮೇಲೆತ್ತಿದ’ ಎಂಬುದೇ ಸಾಕು. ಬನ್ನೇರುಘಟ್ಟದ ಪುನರ್ವಸತಿ ಕೇಂದ್ರಕ್ಕೆ ಬಂದ ಕುಣಿಸುವ ಕರಡಿಗಳ ಮೂಗಿನಲ್ಲಿ ದಾರವಿತ್ತು, ಅವನ್ನು ‘ಬಿಡಿಸಿದ ಕರಡಿಗಳು’ ಎಂದರೆ ಒಪ್ಪಿತು. ಆದರೆ ಮನೆಯೊಳಗೆ ಬಂದ ಹಾವು, ಊರಿಗೆ ಬಂದ ಚಿರತೆ? ಹಾವಿನ ಜೀವಕ್ಕೆ ಅಪಾಯ ಇದ್ದದ್ದು ಬಡಿಗೆ ಹಿಡಿದು ನಿಂತ ನಮ್ಮಿಂದಲೇ ಎಂಬುದನ್ನು ನೆನೆದರೆ ಅದನ್ನು ‘ರೆಸ್ಕ್ಯೂಡ್’ ಎನ್ನುವವರ ಮಾತಿನಲ್ಲಿ ನ್ಯಾಯವಿದೆ. ಚಿರತೆಯ ಮಟ್ಟಿಗೆ ನನಗೆ ಅಷ್ಟು ಒಪ್ಪಿಗೆಯಿಲ್ಲ. ಹೋದ ವರ್ಷ ತುಮಕೂರಿನ ಕಡೆಯಿಂದ ಬಂದ ಒಂದು ಪ್ರೆಸ್‌ನೋಟಿನಲ್ಲಿ ‘ರೆಸ್ಕ್ಯೂಡ್ ಲೆಪರ್ಡ್’ ಎಂದಷ್ಟೇ ಇತ್ತು, ಯಾವುದರಿಂದ ಎಂಬುದು ಇರಲಿಲ್ಲ. ಬಾವಿಯೋ, ಉರುಳೋ, ತಂತಿಬೇಲಿಯೋ ತಿಳಿಯದೆ ಅಲ್ಲಿಯ ಅರಣ್ಯ ಕಾವಲುಗಾರರೊಬ್ಬರಿಗೆ ಫೋನು ಮಾಡಿದೆ. “ರಕ್ಷಣೆ ಗಿಕ್ಷಣೆ ಏನಿಲ್ಲ ಸಾರ್,” ಎಂದರು ಅವರು. “ನಾಯಿ ಕಟ್ಟಿದ್ವಿ, ರಾತ್ರಿ ಬಂದು ಬೋನಿಗೆ ಬಿತ್ತು. ಹಿಡಿದ್ವಿ.” ‘ಬೋನಿಗೆ ಬಿದ್ದ ಚಿರತೆ’ ಎಂದು ಶೀರ್ಷಿಕೆ ಕೊಟ್ಟು ಪುಟವನ್ನು ಕಳಿಸಿದೆ.